ಗೋಪಾಲಪ್ಪನ ತಮ್ಮ

ಸೋಮವಾರ, 11 ಜನವರಿ 1943

ಈ ದಿನಚರಿ ಪುಸ್ತಕ ದೊಡ್ಡಬಳ್ಳಾಪುರದ ಔಷಧಿ ಅಂಗಡಿಯವರು ಹೊಸ ವರ್ಷಕ್ಕೆಂದು ಪುಕ್ಕಟೆ ಕೊಟ್ಟದ್ದು. ಯುದ್ಧದ ದೆಸೆಯಿಂದ ಬಿಳಿ ಕಾಗದ ಕಣ್ಣಿಗೆ ಕಾಣದ ಈ ಕಾಲದಲ್ಲಿ ಇದನ್ನು ಖಾಲಿ ಬಿಡುವುದು ಪಾಪ ಎನಿಸಿ ಬರೆಯಲು ಕೂತಿದ್ದೇನೆ. ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಬೈಗುಳವನ್ನೂ ಧಾರಾಳವಾಗಿ ಬರೆಯಬಹುದು.

ರಸ್ತೆಗೆ ಜಲ್ಲಿ ಹಾಕಿಸಿಕೊಂಡಿದ್ದ ಓವರ್‌ಸಿಯರ್ ಸಂಜೀವಪ್ಪನನ್ನು, ಅಂದರೆ ನನ್ನನ್ನು, ಮಿಲಿಟರಿಯವರಿಗೆ ಎರವಲು ಕೊಟ್ಟು ಒಂದು ವಾರವಾಯಿತು. ದೇವನಹಳ್ಳಿಗೂ ತೂಬಗೆರೆಗೂ ನಡುವಿನ ಬಯಲಿನಲ್ಲಿ ವಿಮಾನ ಇಳಿಯುವ ಮೈದಾನ ತಯಾರಾಗುತ್ತಿದೆ. ಅದರ ಅಂಚಿನಲ್ಲಿ ವಿಮಾನ ನಿಲ್ಲಿಸುವ ಎರಡು ಹ್ಯಾಂಗರುಗಳನ್ನು ಎಬ್ಬಿಸುವುದು ನನ್ನ ಪಾಲಿನ ಕೆಲಸ. ಹಳ್ಳಿಯವರು ಅದಕ್ಕೆ ‘ಇಮಾನದ ಕೊಟ್ಟಿಗೆ’ ಎಂದು ಆಗಲೇ ಹೆಸರಿಟ್ಟಿದ್ದಾರೆ.

ಇಟ್ಟಿಗೆಯಿಲ್ಲ, ಗಾರೆಯಿಲ್ಲ. ಇಡೀ ಕಟ್ಟಡ ಇಂಗ್ಲೆಂಡಿನಲ್ಲೇ ತುಂಡು ತುಂಡಾಗಿ ತಯಾರಾಗಿ, ಹಡಗಿನಲ್ಲಿ ಮದ್ರಾಸಿಗೆ, ರೈಲಿನಲ್ಲಿ ದೊಡ್ಡಬಳ್ಳಾಪುರಕ್ಕೆ, ಎತ್ತಿನ ಗಾಡಿಯಲ್ಲಿ ಇಲ್ಲಿಗೆ ಬಂದು ಬಿದ್ದಿದೆ. ತೊಂಬತ್ತು ಅಡಿ ಅಗಲ, ನಡುವೆ ಒಂದೂ ಕಂಬವಿಲ್ಲ. ಹನ್ನೆರಡು ಕಬ್ಬಿಣದ ಚೌಕಟ್ಟುಗಳನ್ನು ಬೋಲ್ಟು ಹಾಕಿ ಜೋಡಿಸಿ, ಸಾಲಾಗಿ ನಿಲ್ಲಿಸಿ, ಮೇಲೆ ತಗಡು ಹೊದಿಸಿದರೆ ಮುಗಿಯಿತು. ಮಕ್ಕಳೂ ಜೋಡಿಸಬಹುದು ಎನ್ನುತ್ತಾರೆ ಕೆಲಸದ ಉಸ್ತುವಾರಿಯ ಬಿಳಿಯ ಕ್ಯಾಪ್ಟನ್ ಸಾಹೇಬರು. ಆ ಮಕ್ಕಳು ಯಾವ ದೇಶದವರೋ ನಾನು ಕಾಣೆ.

ನಕ್ಷೆಯ ಮೂಲೆಯಲ್ಲಿ ಚಾವಣಿಯ ಮೇಲೆ ಎಷ್ಟು ಹಿಮ ನಿಲ್ಲಬಹುದೆಂದು ಬರೆದಿದೆ! ಆಷಾಢದಲ್ಲಿ ಪಡುವಣದಿಂದ ನುಗ್ಗುವ ನಮ್ಮ ಗಾಳಿಯ ವಿಷಯ ಒಂದಕ್ಷರವಿಲ್ಲ. ನಾನು ವಾದಿಸಿ ಕಂಬದ ಬುಡದ ಕಾಂಕ್ರೀಟನ್ನು ಒಂದಡಿ ಹೆಚ್ಚು ಆಳ ಮಾಡಿಸಿದೆ. ಕ್ಯಾಪ್ಟನ್ ಒಪ್ಪಿದರು. ಕೆಲಸ ಸುಸೂತ್ರವಾಗಿ ಮುಗಿದರೆ ಅಸಿಸ್ಟೆಂಟ್ ಇಂಜಿನಿಯರ್ ಹುದ್ದೆಗೆ ನನ್ನ ಹೆಸರು ಹೋಗುತ್ತದಂತೆ. ಬೆಂಗಳೂರಿನಲ್ಲಿ ನಲ್ಲಿ ನೀರಿರುವ ಮನೆ ಎಂದು ವರಲಕ್ಷ್ಮಿ ದೇವನಹಳ್ಳಿ ಕೋಟೆಯ ನಮ್ಮ ಮನೆಯಲ್ಲಿ ಕೂತು ಕನಸು ಕಾಣುತ್ತಿದ್ದಾಳೆ. ನನಗೂ ಈ ಡೇರೆ, ಈ ಧೂಳು, ಈ ಜನ ಸಾಕು.

ಬುಧವಾರ, 20 ಜನವರಿ

ತಲೆ ಕೆಟ್ಟಿದೆ. ಪ್ರತಿ ತುಂಡಿನ ಮೇಲೂ ಒಂದು ಇಂಗ್ಲಿಷ್ ಅಕ್ಷರ ಕೊರೆದಿದೆ. ಅದನ್ನು ನೋಡಿ ಜೋಡಿಸಬೇಕು ಎಂಬುದು ಕಟ್ಟುನಿಟ್ಟಿನ ನಿಯಮ. ಆದರೆ ಅಕ್ಷರ ಬಲ್ಲವರು ಇಲ್ಲಿ ನಾನು, ಕ್ಯಾಪ್ಟನ್, ಉಗ್ರಾಣದವನು, ಮೂರೇ ಜನ. ಅಟ್ಟಣೆಯ ಮೇಲೆ ಕೂತು ಬೋಲ್ಟು ಬಿಗಿಯುವ ಫಿಟ್ಟರ್ ಗಫಾರನಿಗೆ ಉರ್ದು ಬರುತ್ತದೆ. ಅದನ್ನು ಇಂಗ್ಲೆಂಡಿನವರು ಕೊರೆದಿಲ್ಲ. ‘ಜಿ’ ತಾ ಎಂದರೆ ‘ಜೆ’ ತರುತ್ತಾರೆ. "ಇದಲ್ಲಾ ಸಾಬ್!" ಎಂದು ಅವನು ಮೇಲಿನಿಂದ ಅರಚುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಈ ‘ಜಿ’ ಮತ್ತು ‘ಜೆ’ ಉದ್ದದಲ್ಲೂ ತೂತಿನಲ್ಲೂ ಒಂದೇ. ದಪ್ಪದಲ್ಲಿ ಮಾತ್ರ ಅಂಗುಲದ ಎಂಟನೇ ಒಂದು ಪಾಲು ವ್ಯತ್ಯಾಸ. ದಪ್ಪನೆಯ ‘ಜೆ’ ನಡುವೆ ಭಾರ ಹೊರುವುದು, ತೆಳ್ಳನೆಯ ‘ಜಿ’ ಪಕ್ಕಕ್ಕೆ.

ಮಧ್ಯಾಹ್ನ ಊಟದ ಹೊತ್ತಿಗೆ ಉಪಾಯ ಹೊಳೆಯಿತು. ಒಂದೊಂದು ಅಕ್ಷರಕ್ಕೆ ಒಬ್ಬೊಬ್ಬ ಮನುಷ್ಯನ ಹೆಸರು! ಎ ಎಂದರೆ ಅಪ್ಪಯ್ಯಣ್ಣ, ಬಿ ಬೈರಣ್ಣ, ಜಿ ಗೋಪಾಲಪ್ಪ, ಜೆ ಜವರಪ್ಪ. ಕೆಳಗಿನವರು ತುಂಡಿಗೆ ಹಗ್ಗ ಕಟ್ಟಿ ಹೆಸರು ಕೂಗಬೇಕು, ಮೇಲಿನವರು ಅದೇ ಹೆಸರನ್ನು ತಿರುಗಿ ಕೂಗಿ ಎಳೆದುಕೊಳ್ಳಬೇಕು. ನಾಲ್ಕು ಗಂಟೆಯಿಂದ ಆರಂಭಿಸಿದೆವು. ಒಂದೂ ತಪ್ಪಿಲ್ಲ. ನಾನು ಇಂಗ್ಲೆಂಡಿನಲ್ಲಿ ಹುಟ್ಟಿದ್ದರೆ ಎಲ್ಲಿರುತ್ತಿದ್ದೆನೋ.

ಶನಿವಾರ, 30 ಜನವರಿ

ಮೂರು ಚೌಕಟ್ಟು ನಿಂತವು. ಕೆಳಗಿನಿಂದ ಕೂಗುವವನು ಚಿಕ್ಕವೆಂಕಟಪ್ಪ. ದನಿ ಮೈಲಿಗೆ ಕೇಳುತ್ತದೆ. ತುಂಡು ಗುರುತಿಸಿ ಕೊಡುವವಳು ಸಾಸಲಿನ ಕಡೆಯ ಮುನಿಲಕ್ಷ್ಮಮ್ಮ ಎಂಬ ಕೂಲಿ ಹೆಂಗಸು. ಇಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಅಕ್ಷರ ಬಾರದಿದ್ದರೂ ಆಕಾರ ನೋಡಿ ಕಲಿತುಬಿಟ್ಟಿದ್ದಾಳೆ. ಎ ಏಣಿಯಂತೆ, ಜೆ ಕೊಕ್ಕೆ. ಆದರೆ ಒಂದು ಹುಚ್ಚು. ಬೇರೆಲ್ಲ ತುಂಡುಗಳ ಮೇಲೆ ಕೂತು ಎಲೆ ಅಡಿಕೆ ಹಾಕುವವಳು ಆ ಕೊಕ್ಕೆ ಗುರುತಿನ ರಾಶಿಯನ್ನು ಮಾತ್ರ ಸುತ್ತಿ ಬಳಸಿ ಹೋಗುತ್ತಾಳೆ, ದಾಟುವುದಿಲ್ಲ. "ಗೋಪಾಲಪ್ಪ ಅಲ್ಲವ್ನೆ, ಅವ್ರು ಇಲ್ಲವ್ರೆ" ಎನ್ನುತ್ತಾಳೆ. ಕಬ್ಬಿಣಕ್ಕೂ ಬಹುವಚನ! ನನಗೇ ಇಲ್ಲಿ ಅಷ್ಟು ಮರ್ಯಾದೆ ಸಿಗುವುದಿಲ್ಲ.

ಬುಧವಾರ, 10 ಫೆಬ್ರವರಿ

ಆ ಹೆಂಗಸು ಒಂದು ಹಳೆಯ ಕವರು ಹಿಡಿದುಕೊಂಡು ಡೇರೆಯ ಬಾಗಿಲಿಗೆ ಬಂದಿದ್ದಳು.

"ನಮ್ಮೆಜಮಾನ್ರು ಮಿಲಿಟ್ರಿ ರಸ್ತೆ ಕೆಲ್ಸುಕ್ಕೆ ಅಸ್ಸಾಮಿಗೆ ಹೋಗವ್ರೆ ಸೋಮಿ. ಎಂಟು ತಿಂಗ್ಳಾತು ಕಾಗ್ದ ಬಂದು. ಇದ್ರಾಗೆ ಇಳಾಸ ಐತಂತೆ. ಎಲ್ಡು ಮಾತು ಬರ್ಕೊಡ್ತೀರಾ?"

ತಗಡಿನ ಪಟ್ಟಿ ಹೊಂದುತ್ತಿರಲಿಲ್ಲ, ಕ್ಯಾಪ್ಟನ್ ಕರೆಯುತ್ತಿದ್ದರು. ನಾಳೆ ನೋಡೋಣ ಎಂದು ಕವರನ್ನು ಈ ಪುಸ್ತಕದೊಳಗೆ ಸಿಕ್ಕಿಸಿ ಎದ್ದು ಹೋದೆ. ನಾನೇನು ಅಂಚೆಯ ಗುಮಾಸ್ತನೇ?

ಮಂಗಳವಾರ, 16 ಫೆಬ್ರವರಿ

ಅಟ್ಟಣೆಯ ಮೇಲೆ ಆಳು ಸಾಲದೆ ಚಿಕ್ಕವೆಂಕಟಪ್ಪನನ್ನು ಮೇಲೆ ಹತ್ತಿಸಿದೆ. ಕೂಗುವ ಕೆಲಸವನ್ನೂ ನೀನೇ ಮಾಡು ಎಂದು ಮುನಿಲಕ್ಷ್ಮಮ್ಮನಿಗೆ ಹೇಳಿದರೆ ರಾಗ ತೆಗೆದಳು.

"ನಾನು ಕೂಗಕಿಲ್ಲ ಸೋಮಿ. ಬ್ಯಾರೆ ಯಾರ್ನಾದ್ರೂ..."

"ಯಾಕೆ, ಗಂಟಲಿಗೆ ಏನಾಗಿದೆ? ತಂಗಿಯ ಜೊತೆ ಜಗಳಕ್ಕೆ ನಿಂತರೆ ತೂಬಗೆರೆಗೆ ಕೇಳುತ್ತದಂತೆ!"

"ಅಂಗಲ್ಲ ಸೋಮಿ, ಆ ಒಂದು..."

"ಒಂದೂ ಇಲ್ಲ, ಎರಡೂ ಇಲ್ಲ. ಕೂಗು ಅಂದರೆ ಕೂಗಬೇಕು."

ತುಂಡುಗಳ ರಾಶಿಯ ಕಡೆ ಹೋದಳು. ಇವರಿಗೆ ಸಲಿಗೆ ಕೊಟ್ಟರೆ ಕೆಲಸ ಸಾಗುವುದಿಲ್ಲ.

ಶುಕ್ರವಾರ, 19 ಫೆಬ್ರವರಿ

ನಾಲ್ಕನೆಯ ಚೌಕಟ್ಟಿನ ಆಸರೆ ತೆಗೆದ ಗಳಿಗೆಯಲ್ಲೇ ನಡುಭಾಗ ಕಿರುಗುಟ್ಟಿ, ಬಾಗಿ, ಅಟ್ಟಣೆಯ ಒಂದು ಪಕ್ಕವನ್ನು ಎಳೆದುಕೊಂಡು ಕೆಳಗೆ ಬಂತು. ಚಿಕ್ಕವೆಂಕಟಪ್ಪನ ಬಲಗೈ ಎರಡು ಕಡೆ ಮುರಿದಿದೆ. ಗಫಾರ್ ಅವನ ಪಂಚೆ ಹಿಡಿದು ಎಳೆಯದೆ ಹೋಗಿದ್ದರೆ ಜೀವವೇ ಹೋಗುತ್ತಿತ್ತು. ದೇವರು ದೊಡ್ಡವನು.

ಶನಿವಾರ, 20 ಫೆಬ್ರವರಿ

ತಪ್ಪು ಗೊತ್ತಾಯಿತು. ನಡುವಿನ ನಾಲ್ಕು ಜಾಗದಲ್ಲಿ ದಪ್ಪನೆಯ ‘ಜೆ’ ಇರಬೇಕಾದಲ್ಲಿ ತೆಳ್ಳನೆಯ ‘ಜಿ’ ಕೂತಿದೆ. ‘ಜೆ’ಗಳು ಪಕ್ಕದಲ್ಲಿ ಹಾಯಾಗಿವೆ.

ಕ್ಯಾಪ್ಟನ್ ಗಫಾರನನ್ನು ನಿಲ್ಲಿಸಿ ಕೇಳಿದರು. ನಾನು ನಡುವೆ ನಿಂತು ಮಾತು ದಾಟಿಸಿದೆ.

"ಎಂಟೂ ಗೋಪಾಲಪ್ಪ ಅಂತಾನೇ ಬಂತು ಸಾಬ್. ಜವರಪ್ಪ ಎಲ್ಲಿ ಅಂತ ಕೂಗಿ ಕೇಳ್ದೆ. ಬಂದವ್ರೆ, ಬಂದವ್ರೆ ಅಂತ ಕೆಳಗಿಂದ ಅಂದ್ರು. ಸರಿ ಅಂತ ನಡುವಿಗೆ ಅದೇ ರಾಶೀಲಿ ನಾಕು ತಗೊಂಡೆ. ಖುದಾ ಕಸಂ, ಇಷ್ಟೇ ನನಗೆ ಗೊತ್ತಿರೋದು."

ಎಂಟೂ ಗೋಪಾಲಪ್ಪ ಹೇಗಾಗುತ್ತದೆ? ನಾಲ್ಕು ನಾಲ್ಕು ಕಳಿಸಿದ ಪಟ್ಟಿ ನನ್ನ ಕೈಯಲ್ಲೇ ಇದೆ. ಕಳೆದ ಆಗಸ್ಟಿನ ಚಳವಳಿಯಲ್ಲಿ ಇವನಿದ್ದ ಮಿಲ್ಲು ಮುಷ್ಕರ ಹೂಡಿತ್ತೆಂದು ಯಾರೋ ಸಾಹೇಬರ ಕಿವಿಗೆ ಊದಿದ್ದಾರೆ. ಬೇಕೆಂದೇ ಮಾಡಿದ್ದು ಎಂಬ ಅನುಮಾನ ಅವರಿಗೆ. ಗಫಾರ್ ಈಗ ಕಾವಲು ಕೋಣೆಯಲ್ಲಿದ್ದಾನೆ. ಗುರುವಾರ ಬೆಂಗಳೂರಿಗೆ ಕಳಿಸುತ್ತಾರೆ. ಯುದ್ಧದ ಕಾಯಿದೆ, ಹೋದವರು ಯಾವಾಗ ಬರುತ್ತಾರೋ ಹೇಳುವಂತಿಲ್ಲ.

ವರದಿಯಲ್ಲಿ ‘ಫಿಟ್ಟರನು ಗುರುತುಗಳನ್ನು ಕಡೆಗಣಿಸಿದ್ದಾನೆ’ ಎಂದು ಬರೆದು ರುಜು ಹಾಕಿದೆ. ನನ್ನ ಹೆಸರಿನ ಉಪಾಯದ ಬಗ್ಗೆ ಬರೆಯಲಿಲ್ಲ. ಅದು ಇಲ್ಲಿ ಪ್ರಸ್ತುತವಲ್ಲ.

ಭಾನುವಾರ, 21 ಫೆಬ್ರವರಿ

ಮನೆಗೆ ಹೋಗಿದ್ದೆ. ಊಟ ಸೇರಲಿಲ್ಲ. "ನಿಮ್ಮ ಮೇಲೆ ಏನೂ ಬರಲಿಲ್ಲವಲ್ಲ, ಬಿಡಿ" ಎಂದಳು ವರಲಕ್ಷ್ಮಿ. ಬರಲಿಲ್ಲ ಎಂದೆ.

ಸೋಮವಾರ, 22 ಫೆಬ್ರವರಿ

ಬೆಳಿಗ್ಗೆ ಗೇಟಿನ ಬಳಿ ಗಲಾಟೆ. ಗಫಾರನ ಹೆಂಡತಿ ಮಹಮೂದಾ, ತಾಯಿ ಬಶೀರುನ್ನೀಸಾ ದೊಡ್ಡಬಳ್ಳಾಪುರದಿಂದ ಜಟಕಾ ಮಾಡಿಕೊಂಡು ಬಂದಿದ್ದರು. ಯಾರನ್ನು ನೋಡಬೇಕು, ಹೆಸರು ಹೇಳು ಎಂದು ಕಾವಲಿನವನು ಗದರುತ್ತಿದ್ದ.

"ತಾಹಿರಾ ಅಬ್ಬಾನ್ನ" ಎಂದಳು ಮಹಮೂದಾ ಬುರ್ಖಾದೊಳಗಿನಿಂದ, ಮಗಳ ಹೆಸರು ಹಿಡಿದು.

"ಹೆಸರು, ಹೆಸರು!"

"ತಾಹಿರಾ ಅಬ್ಬಾ..."

ಮುದುಕಿ ಸೊಸೆಯನ್ನು ಹಿಂದೆ ಸರಿಸಿ ಮುಂದೆ ಬಂದಳು. "ಅವಳು ಹೆಂಗೆ ಹೇಳ್ತಾಳಪ್ಪಾ? ಗಂಡನ ಹೆಸರು ಬಾಯಲ್ಲಿ ತರ್ತಾರಾ? ನಾನು ಹೇಳ್ತೀನಿ, ಬರ್ಕೋ. ಗಫಾರ್! ಹೆತ್ತೋಳು ನಾನು, ಹೆಸರಿಟ್ಟೋಳು ನಾನು!"

ನನಗೆ ನಗು ಬಂತು. ಆ ನಗು ಅರ್ಧಕ್ಕೇ ನಿಂತಿತು. ವರಲಕ್ಷ್ಮಿ ಮದುವೆಯಾದ ಹನ್ನೊಂದು ವರ್ಷದಲ್ಲಿ ಒಂದು ದಿನವೂ ನನ್ನ ಹೆಸರು ಹೇಳಿದವಳಲ್ಲ. ಬಂದವ್ರೆ, ಬಂದವ್ರೆ. ಕಬ್ಬಿಣಕ್ಕೆ ಬಹುವಚನ. ರಾಶಿಯನ್ನು ದಾಟದೆ ಬಳಸಿ ಹೋಗುವುದು.

ಡೇರೆಗೆ ಓಡಿ ಬಂದು ಈ ಪುಸ್ತಕ ಕೊಡವಿದೆ. ಕವರು ಬಿತ್ತು. ಹಿಂಬದಿಯಲ್ಲಿ ಕಳಿಸಿದವನ ಹೆಸರು ಇಂಗ್ಲಿಷಿನಲ್ಲಿ ನೆಟ್ಟಗೆ ಬರೆದಿದೆ. ಜವರಪ್ಪ.

ಹನ್ನೆರಡು ದಿನದಿಂದ ಇದರ ಪಕ್ಕದಲ್ಲೇ ನಾನು ದಿನಚರಿ ಬರೆಯುತ್ತಿದ್ದೆ!

ಮುನಿಲಕ್ಷ್ಮಮ್ಮನನ್ನು ಹುಣಸೇಮರದ ಕೆಳಗೆ ಕರೆದು, ಆ ಕೊಕ್ಕೆ ಗುರುತಿನ ತುಂಡಿಗೆ ಏನೆಂದು ಕೂಗಿದೆ ಎಂದು ಕೇಳಿದೆ.

"ಗೋಪಾಲಪ್ಪನ ತಮ್ಮ ಅಂತ ಕೂಗ್ದೆ ಸೋಮಿ. ಇಬ್ರೂ ಒಂದೇ ಥರ ಅವ್ರೆ, ಪಕ್ಕ್‌ಪಕ್ಕದಾಗೇ ಮಲಗವ್ರೆ. ಅಣ್ಣ ತಮ್ಮ ಅಂದ್ರೆ ತಿಳೀತದೆ ಅಂದ್ಕಂಡೆ. ಮೇಲಿಂದ ‘ಗೋಪಾಲಪ್ಪ ಬಂದಾ’ ಅಂದ್ರು. ಗಾಳಿಗೆ ನನಗೇ ಪೂರ್ತಿ ಕೇಳಿಸ್ನಿಲ್ಲ ಅಂತ ಸುಮ್ಕಾದೆ. ಯಾಕೆ ಸೋಮಿ, ತಪ್ಪಾತಾ?"

ಗಾಳಿಗೆ ತಮ್ಮ ಹಾರಿಹೋಗಿ, ಮೇಲೆ ಬರೀ ಗೋಪಾಲಪ್ಪ ತಲುಪಿದ್ದಾನೆ. ಎಂಟೂ ಗೋಪಾಲಪ್ಪ. ಗಫಾರ್ ಹೇಳಿದ್ದು ಅಕ್ಷರಶಃ ನಿಜ.

ಆ ಹೆಸರು ಹೇಳುವುದಕ್ಕೆ ಆಗುವುದಿಲ್ಲವೆಂದು ನನಗೆ ಯಾಕೆ ಹೇಳಲಿಲ್ಲ ಎಂದೆ. ಹೇಳಲು ಬಂದಾಗ ನಾನೇ ಬಾಯಿ ಮುಚ್ಚಿಸಿದ್ದು ಮಾತು ಆಡಿದ ಮೇಲೆ ನೆನಪಾಯಿತು. ಅವಳು ಅದನ್ನು ಎತ್ತಿ ಆಡಲಿಲ್ಲ.

"ಹೆಸ್ರು ಹೇಳಿದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತಾರೆ. ಊರಾಗೇ ಇದ್ದಿದ್ರೆ ಅತ್ಲಾಗೆ ಅಂದ್ಬಿಡ್ತಿದ್ನೋ ಏನೋ. ಗುಂಡು ಬೀಳೋ ಜಾಗ್ದಾಗವ್ರೆ ಸೋಮಿ. ಎಂಟು ತಿಂಗ್ಳಿಂದ ಕಾಗ್ದ ಇಲ್ಲ. ನಾನು ಎಂಗೆ ಅನ್ಲಿ?"



ಮಂಗಳವಾರ, 23 ಫೆಬ್ರವರಿ

ಇವತ್ತೂ ಕ್ಯಾಪ್ಟನ್ನರಿಗೆ ಹೇಳಲಿಲ್ಲ. ಎರಡು ಸಲ ಅವರ ಡೇರೆಯವರೆಗೆ ಹೋಗಿ ತಗಡಿನ ವಿಷಯ ಮಾತಾಡಿ ಬಂದೆ. ಹೇಳಿದರೆ ಹುದ್ದೆ ಹೋಗುತ್ತದೆ, ನಲ್ಲಿ ನೀರೂ ಹೋಗುತ್ತದೆ. ಕಾವಲು ಕೋಣೆಯ ಕಿಟಕಿಯಿಂದ ಗಫಾರ್ ನನ್ನನ್ನು ನೋಡಿ ಸಲಾಂ ಮಾಡಿದ. ಬೈದಿದ್ದರೆ ಚೆನ್ನಾಗಿತ್ತು.

ಬುಧವಾರ, 24 ಫೆಬ್ರವರಿ

ಹೇಳಿಬಿಟ್ಟೆ. ಕಾಫಿಯನ್ನೂ ಕುಡಿಯದೆ ಹೋಗಿ, ನಿಂತುಕೊಂಡೇ, ನನ್ನ ಇಂಗ್ಲಿಷ್ ವ್ಯಾಕರಣದ ಕಡೆ ಗಮನ ಕೊಡದೆ ಎಲ್ಲ ಹೇಳಿದೆ. ಗುರುತು ನೋಡಿ ಜೋಡಿಸಬೇಕೆಂಬ ನಿಯಮ ಬಿಟ್ಟು ಹೆಸರಿಟ್ಟವನು ನಾನು, ಕೂಗಲು ಒಲ್ಲೆ ಎಂದವಳನ್ನು ಗದರಿಸಿದವನು ನಾನು, ವರದಿಯಲ್ಲಿ ಅದನ್ನು ಮುಚ್ಚಿಟ್ಟವನೂ ನಾನೇ.

ಕ್ಯಾಪ್ಟನ್ ನಂಬಲಿಲ್ಲ. ಗಂಡನ ಹೆಸರು ಹೇಳದ ಹೆಂಗಸು ಎಲ್ಲಾದರೂ ಉಂಟೇ? ಅವಳನ್ನು ಕರೆಸಿ, ‘ಜೆ’ ತುಂಡನ್ನು ಮುಂದಿಟ್ಟು, ಇದರ ಹೆಸರೂ ಗಂಡನ ಹೆಸರೂ ಒಂದೇ ಎಂದು ಅವಳೇ ಆ ಹೆಸರು ಹೇಳಿ ಸಾಕ್ಷಿ ಕೊಡಲಿ ಎಂದರು. ಬಾಯಿ ಬಿಡದಿದ್ದರೆ ನಾನು ಹೇಳಿಕೊಟ್ಟು ಆಡಿಸಿದ ನಾಟಕ ಎಂದೇ ತಿಳಿಯುತ್ತಾರಂತೆ.

ನಾನು ಅದನ್ನು ಕನ್ನಡದಲ್ಲಿ ಹೇಳಬೇಕಿತ್ತು. ಮುನಿಲಕ್ಷ್ಮಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಗಫಾರನ ಗತಿ ಏನೆಂದು ಅವಳಿಗೂ ಗೊತ್ತಾಗಿತ್ತು. ತುಟಿ ಅಲುಗಿತು. ಒಂದು ಗಳಿಗೆ ತಡೆದಿದ್ದರೆ ಹೇಳಿಬಿಡುತ್ತಿದ್ದಳು, ಅದು ನನಗೆ ಖಂಡಿತ ಗೊತ್ತು. ಆಮೇಲೆ ಅಸ್ಸಾಮಿನಿಂದ ಏನು ಸುದ್ದಿ ಬಂದರೂ ತನ್ನಿಂದಲೇ ಆಯಿತೆಂದು ಬದುಕಿರುವವರೆಗೆ ಅಂದುಕೊಳ್ಳುತ್ತಿದ್ದಳು.

"ಏನೂ ಹೇಳಬೇಡಮ್ಮ, ಸುಮ್ಮನಿರು" ಎಂದೆ. ಕ್ಯಾಪ್ಟನ್ನರಿಗೆ, ಕೇಳುವುದು ಬೇಡ, ಅವತ್ತಿನ ಕೆಲಸವನ್ನೇ ಇನ್ನೊಂದು ಸಲ ಮಾಡಿಸಿ ನೋಡೋಣ ಎಂದೆ.

ಗಫಾರನನ್ನು ಕಾವಲಿನವರೊಂದಿಗೆ ಕರೆತಂದು, ಏನೂ ಹೇಳದೆ ಮೂರನೆಯ ಚೌಕಟ್ಟಿನ ಅಟ್ಟಣೆಗೆ ಹತ್ತಿಸಿದೆವು. ಹನ್ನೊಂದು ಗಂಟೆಯ ಗಾಳಿ ಎದ್ದಿತ್ತು. ಮುನಿಲಕ್ಷ್ಮಮ್ಮ ಮೊದಲು ತೆಳ್ಳನೆಯ ತುಂಡಿಗೆ ಹಗ್ಗ ಕಟ್ಟಿ "ಗೋಪಾಲಪ್ಪಾ..." ಎಂದಳು. "ಗೋಪಾಲಪ್ಪ ಬಂದಾ!" ಎಂದ ಗಫಾರ್. ಆಮೇಲೆ ದಪ್ಪನೆಯದಕ್ಕೆ ಕಟ್ಟಿ, ಸೆರಗು ಸರಿಮಾಡಿಕೊಂಡು, "ಗೋಪಾಲಪ್ಪಾ...ನ ತಮ್ಮಾ" ಎಂದಳು. ‘ತಮ್ಮಾ’ ಎನ್ನುವಾಗ ದನಿ ನಾಚಿಕೆಯಿಂದ ತಾನಾಗಿ ಇಳಿಯಿತು.

ಮೇಲಿನಿಂದ ಬಂತು: "ಗೋಪಾಲಪ್ಪ ಬಂದಾ!"

ಕ್ಯಾಪ್ಟನ್ ಪೈಪನ್ನು ಬಾಯಿಂದ ತೆಗೆದರು. ಇನ್ನೊಂದು ಸಲ ಮಾಡಿಸಿದರು. ಅದೇ ಉತ್ತರ. ತಮ್ಮ ಅಜ್ಜ ಸ್ಕಾಟ್ಲೆಂಡಿನ ಬೆಸ್ತನೆಂದೂ, ಅವರ ದೋಣಿಯ ಮೇಲೆ ಹಂದಿ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲವೆಂದೂ, ಆಡಿದರೆ ದೋಣಿ ಮುಳುಗುತ್ತದೆಂಬ ಭಯವಿತ್ತೆಂದೂ ಹೇಳಿದರು. ಇದನ್ನು ಆಕೆಗೆ ತಿಳಿಸು ಎಂದರು. ಜವರಪ್ಪನನ್ನು ಹಂದಿಯ ಪಕ್ಕದಲ್ಲಿ ಕೂರಿಸುವುದು ಸರಿಯಲ್ಲವೆನಿಸಿ, ಸಾಹೇಬರಿಗೆ ಅರ್ಥವಾಯಿತು ಎಂದಷ್ಟೇ ಹೇಳಿದೆ.

ಕ್ಯಾಪ್ಟನ್ ಕಾವಲಿನವರನ್ನು ಹಿಂದಕ್ಕೆ ಕಳಿಸಿದರು. ಗಫಾರ್ ಭಾಯಿ ಕೆಳಗಿಳಿದು ಬಂದು ನನ್ನ ಕೈ ಹಿಡಿದುಕೊಂಡ. ಗ್ರೀಸಿನ ಕೈ, ನನ್ನ ಬಿಳಿ ಅಂಗಿಯ ತೋಳೆಲ್ಲ ಕರಿ. "ನಾನು ಸುಳ್ಳು ಹೇಳ್ಲಿಲ್ಲ ಅಲ್ವಾ ಸಾಬ್" ಎಂದ. ನನಗೆ ಅಳು ಬಂತು. ಬಂದದ್ದನ್ನು ಬರೆಯಲು ನಾಚಿಕೆಯಿಲ್ಲ, ಯಾರೂ ಓದುವುದಿಲ್ಲವಲ್ಲ.

ಸೋಮವಾರ, 1 ಮಾರ್ಚಿ

ಹುಕುಂ ಬಂತು. ಓವರ್‌ಸಿಯರ್ ಸಂಜೀವಪ್ಪನಿಗೆ ಲಿಖಿತ ಛೀಮಾರಿ, ಆರನೇ ತಾರೀಖಿನಿಂದ ವಾಪಸು ರಸ್ತೆ ಕೆಲಸಕ್ಕೆ. ಹುದ್ದೆಯ ಮಾತು ಇನ್ನು ಎತ್ತುವಂತಿಲ್ಲ. ಪಟ್ಟಿ ನೋಡಿ ಅಕ್ಷರ ಹೇಳಲು ಪ್ರತಿ ಅಟ್ಟಣೆಗೆ ಒಬ್ಬ ಓದುಬಲ್ಲವನನ್ನು ಕೊಡುತ್ತಾರಂತೆ. ಅದನ್ನು ಮೊದಲೇ ಕೊಟ್ಟಿದ್ದರೆ!

ಮಧ್ಯಾಹ್ನ ಮುನಿಲಕ್ಷ್ಮಮ್ಮನನ್ನು ಕರೆದು ಕಾಗದ ಬರೆಯಲು ಕೂತೆ. ಈ ಪುಸ್ತಕದಿಂದಲೇ ಒಂದು ಹಾಳೆ ಹರಿದೆ. ಕರೀ ಹಸು ಈದಿದೆ, ಹೆಣ್ಣುಕರು. ತಂಗಿಯ ಮನೆಯಲ್ಲಿ ಸುಖವಾಗಿದ್ದೇನೆ. ಇಮಾನದ ಕೊಟ್ಟಿಗೆಯಲ್ಲಿ ಕೆಲಸ. ಎಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣಿ. ಇಷ್ಟು ಹೇಳುವುದಕ್ಕೆ ಒಂದು ಗಂಟೆ ಹಿಡಿಯಿತು. ನಾನು ಅವಸರ ಮಾಡಲಿಲ್ಲ.

ವಿಳಾಸ ಬರೆಯುವಾಗ ಬಗ್ಗಿ ನೋಡುತ್ತಿದ್ದವಳು ಮೊದಲ ಅಕ್ಷರ ಬಿದ್ದೊಡನೆ "ನಮ್ಮ ಕೊಕ್ಕೆ!" ಎಂದು ಕೂಗಿದಳು. ಇದೇನಾ ಅವ್ರು ಎಂದಳು. ಇದೇ ಎಂದೆ. ಒದ್ದೆ ಶಾಯಿಯ ಮೇಲೆ ಬೆರಳಿಟ್ಟು ಅಕ್ಷರವನ್ನು ಅರ್ಧ ಅಳಿಸಿದಳು. ಇನ್ನೊಂದು ಸಲ ಬರೆದೆ.

ಶನಿವಾರ, 6 ಮಾರ್ಚಿ

ಹೊಸ ಓವರ್‌ಸಿಯರಿಗೆ ನಕ್ಷೆ ಒಪ್ಪಿಸಿ, ಟ್ರಂಕು ಗಾಡಿಗೆ ಹಾಕಿಸುತ್ತಿದ್ದೆ. ನಾಲ್ಕನೆಯ ಚೌಕಟ್ಟಿಗೆ ಹೊಸ ತುಂಡುಗಳು ಏರುತ್ತಿದ್ದವು. ಓದುಬಲ್ಲವನೊಬ್ಬ ಅಟ್ಟಣೆಯ ಮೇಲೆ ಪಟ್ಟಿ ಹಿಡಿದು ಕೂತಿದ್ದ. ಆದರೂ ಜನಕ್ಕೆ ಹೆಸರು ಕೂಗುವ ಚಟ ಬಿಟ್ಟಿಲ್ಲ.

ಮುನಿಲಕ್ಷ್ಮಮ್ಮ ಕೊಕ್ಕೆ ಗುರುತಿನ ತುಂಡಿಗೆ ಹಗ್ಗ ಕಟ್ಟಿ, ಎದೆ ತುಂಬ ಉಸಿರೆಳೆದು ಕೂಗಿದಳು.

"ಸಂಜೀವಪ್ಪಾ...!"

"ಸಂಜೀವಪ್ಪ ಬಂದಾ!" ಎಂದ ಗಫಾರ್ ಭಾಯಿ.

ಜೆ ನನ್ನ ಹೆಸರಿನ ಮೊದಲ ಅಕ್ಷರವಲ್ಲ, ಅದನ್ನು ಅವರಿಗೆ ಹೇಳುವವರಿಲ್ಲ. ನನ್ನನ್ನು ಕಂಡು ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಏಕವಚನದಲ್ಲೇ ಕೂಗಿದರು, ಆದರೆ ಸರಿಯಾದ ಜಾಗದಲ್ಲಿಟ್ಟರು. ನಾಲ್ಕೂ ಸಂಜೀವಪ್ಪಂದಿರು ಕೂರುವವರೆಗೆ ಗಾಡಿ ನಿಲ್ಲಿಸಿದ್ದೆ.

ಭಾನುವಾರ, 7 ಮಾರ್ಚಿ

ಮನೆ. ವರಲಕ್ಷ್ಮಿಗೆ ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಹುದ್ದೆ ಹೋಯಿತೆಂದಾಗ ಬಾವಿಯ ಕಡೆ ಒಮ್ಮೆ ನೋಡಿದಳು. ಗೋಪಾಲಪ್ಪನ ತಮ್ಮನ ವಿಷಯಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆ ನಗುವಿನಲ್ಲೇ ಸ್ವಲ್ಪ ಅತ್ತಳೆಂದೂ ಕಾಣುತ್ತದೆ.

"ಪಾಪ, ಈಗ ಆ ತುಂಡಿಗೆ ಯಾರ ಹೆಸರಿಟ್ಟಿದಾರೆ?" ಎಂದಳು.

"ನನ್ನ ಹೆಸರು" ಎಂದೆ.

ಕುದಿಯುವ ಸಾರಿಗೆ ಉಪ್ಪು ಹಾಕುತ್ತಿದ್ದವಳು ಕೈ ತಡೆದು, ತಿರುಗಿ ನನ್ನನ್ನು ನೋಡಿದಳು.

"ಅಯ್ಯೋ, ಹಂಗಾದ್ರೆ ನಾನು ಅಲ್ಲಿಗೆ ಕೂಲಿಗೆ ಹೋಗೋ ಹಂಗಿಲ್ಲ ಬಿಡಿ."